ಅತ್ತೆಮ್ಮ ಮರೆಯದ ಮಿಂಚುಳ್ಳಿ

"ಇಲ್ಲದ ಹಾಳೆ ಇಲ್ಲಿ ಹೇಗೆ ಬಂದು ಕೂತಿದೆ ಅಂತ ಮೊದಲು ಹೇಳಿ. ಕಳ್ಳ ಯಾರು ಅಂತ ಆಮೇಲೆ ಹೇಳುವಿರಂತೆ," ಎಂದರು ಲೈಬ್ರರಿಯ ಅಧ್ಯಕ್ಷರು, ಕಂಪ್ಯೂಟರ್ ಪರದೆಯನ್ನು ಬೆರಳಿನಿಂದ ಕುಟ್ಟುತ್ತ.

ಪತ್ತೆಪ್ಪ ಕನ್ನಡಕಕ್ಕಾಗಿ ಅಂಗಿಯ ಜೇಬು ತಡಕಿದ. ಪ್ಯಾಂಟಿನ ಜೇಬು ತಡಕಿದ. ಕೈಚೀಲ ಬಿಚ್ಚಿ ಒಳಗೆ ಇಣುಕಿದ.

"ತಲೆ ಮೇಲಿದೆ."

ಕನ್ನಡಕ ಕಣ್ಣಿಗಿಳಿಯಿತು. ಪರದೆಯ ಮೇಲೆ ಮಿಂಚುಳ್ಳಿಯೊಂದು ಕೊಂಬೆಯ ತುದಿಯಲ್ಲಿ ಕೂತು, ಈಗಲೋ ಆಗಲೋ ನೀರಿಗೆ ಹಾರುವ ಹಾಗಿತ್ತು. ಹಳೆಯ ಹಕ್ಕಿಗಳ ಚಿತ್ರಪುಸ್ತಕದಿಂದ ಯಾರೋ ಬ್ಲೇಡಿನಲ್ಲಿ ಕೊಯ್ದುಕೊಂಡು ಹೋದ ಹಾಳೆ ಅದೇ. ಆ ಕಳುವಿನ ಜಾಡು ಹಿಡಿದು ಪತ್ತೇದಾರ ಪತ್ತೆಪ್ಪ ಒಂದು ವಾರದಿಂದ ಲೈಬ್ರರಿಯ ಮೆಟ್ಟಿಲು ಸವೆಸುತ್ತಿದ್ದ.

"ಪುಸ್ತಕದಲ್ಲಿ ಇಲ್ಲ. ಮದುಮಗಳಲ್ಲಿ ಇಲ್ಲ. ಮರೆಗುಳೀಲೂ ಇಲ್ಲ. ಅತ್ತೆಮ್ಮನಲ್ಲಿ ಮಾತ್ರ ಇದೆ!" ಎಂದರು ಅಧ್ಯಕ್ಷರು. "ನನಗಂತೂ ತಲೆ ಕೆಟ್ಟು ಹೋಗಿದೆ."

ಹೊರಗಿನವರು ಕೇಳಿದ್ದರೆ ಇವರ ಮನೆಯ ಹೆಂಗಸರ ವಿಷಯವೆಂದುಕೊಳ್ಳುತ್ತಿದ್ದರು. ಪುಸ್ತಕಗಳನ್ನೆಲ್ಲ ಸ್ಕ್ಯಾನ್ ಮಾಡಿ, ಯಾರು ಬೇಕಾದರೂ ಮನೆಯಲ್ಲೇ ಕೂತು ಓದುವಂತೆ ಮಾಡಲು ಲೈಬ್ರರಿ ಹೊರಟಿತ್ತು. ಅದಕ್ಕೊಂದು ಸಾಫ್ಟ್‌ವೇರ್ ಆರಿಸಬೇಕು. ಮೂರನ್ನು ಪರೀಕ್ಷೆಗೆಂದು ತಂದು, ಆ ಹಕ್ಕಿ ಪುಸ್ತಕವನ್ನೇ ಮೂರಕ್ಕೂ ಉಣಿಸಿ ನೋಡುತ್ತಿದ್ದರು. ಅವುಗಳ ಅಸಲಿ ಹೆಸರು ಯಾರ ನಾಲಿಗೆಯ ಮೇಲೂ ನಿಲ್ಲದ್ದರಿಂದ ಲೈಬ್ರೇರಿಯನ್ ತಾವೇ ನಾಮಕರಣ ಮಾಡಿದ್ದರು.

ಮದುಮಗಳು ಅಂದರೆ ಬರೀ ಅಲಂಕಾರ; ಹುಡುಕಿದ್ದು ಸಿಗದು. ಮರೆಗುಳಿ ಹಗುರ, ಚುರುಕು. ಹೊಸದನ್ನು ಕೊಟ್ಟರೆ ಹಳೆಯದನ್ನು ಅಲ್ಲಿಗೇ ಮರೆತುಬಿಡುತ್ತದೆ. ಅತ್ತೆಮ್ಮ ನಿಧಾನ, ಗಂಟುಮುಖ, ಒಂದು ಹಾಳೆ ಸೇರಿಸಲು ನೂರೆಂಟು ಪ್ರಶ್ನೆ. ಆದರೆ ಒಮ್ಮೆ ಕಂಡದ್ದನ್ನು ಅದು ಮರೆತ ದಾಖಲೆಯೇ ಇಲ್ಲ.

"ಯಾರು ಸೇರಿಸಿದ್ದು ಅಂತ ಅತ್ತೆಮ್ಮನೇ ಹೇಳಲ್ವಾ?" ಎಂದ ಪತ್ತೆಪ್ಪ.

"ಹೇಳುತ್ತೆ. 'ಪರೀಕ್ಷೆ' ಅನ್ನೋರು ಸೇರಿಸಿದ್ದು ಅಂತ. ಇದು ಪರೀಕ್ಷೆ ಕಾಲ ತಾನೇ? ನಾನು, ನಿಮ್ಮ ಅತ್ತಿಗೆ, ಕಂಪ್ಯೂಟರ್ ಮೇಷ್ಟ್ರು, ಮೂವರೂ ಅದೇ ಒಂದು ಹೆಸರಲ್ಲಿ ಒಳಗೆ ಹೋಗೋದು."

ಪತ್ತೆಪ್ಪ ತಲೆ ಕೆರೆದುಕೊಂಡ. ಎಲ್ಲರೂ ಒಂದೇ ವೇಷ ಹಾಕಿಕೊಂಡ ಮೇಲೆ ಯಾರನ್ನು ಹಿಡಿಯುವುದು?

ಲೈಬ್ರೇರಿಯನ್ ಬೇರೆ ಯಾರೂ ಅಲ್ಲ, ಅವನ ಸ್ವಂತ ಅತ್ತಿಗೆ, ಅಣ್ಣನ ಹೆಂಡತಿ. ಹಾಳೆ ಕಳುವಾಗಿದೆ ಎಂದು ಮೊದಲು ಬಾಯಿ ಬಿಟ್ಟವರೂ ಅವರೇ. ಮೇಷ್ಟ್ರು ಪುಸ್ತಕ ಸ್ಕ್ಯಾನ್ ಮಾಡಿ ಮುಗಿಸಿದ ಮೇಲೆ ಅತ್ತಿಗೆ ಚಿತ್ರಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಕೂತಾಗ, ಮಿಂಚುಳ್ಳಿಯ ಜಾಗದಲ್ಲಿ ಏನೂ ಇರಲಿಲ್ಲ. ಪುಸ್ತಕ ತೆರೆದರೆ ಹೊಲಿಗೆಯ ಬಳಿ ನೀಟಾಗಿ ಕೊಯ್ದ ಅಂಚು. ಪುಸ್ತಕವಿಡುವ ಬೀರುವಿನ ಬೀಗದ ಕೈ ಅತ್ತಿಗೆಯ ಹತ್ತಿರ ಮಾತ್ರ ಇತ್ತು. ಅದಕ್ಕೇ ಎಲ್ಲರ ಬೆರಳೂ ಅವರ ಕಡೆಗೆ ತಿರುಗಿತ್ತು.

"ಸಂಜೆ ಸಭೇಲಿ ಎರಡೇ ವಿಷಯ," ಎಂದರು ಅಧ್ಯಕ್ಷರು, ದನಿ ತಗ್ಗಿಸಿ. "ಸಾಫ್ಟ್‌ವೇರ್ ಯಾವುದು ಅನ್ನೋದು ಒಂದು. ನಿಮ್ಮ ಅತ್ತಿಗೇನ ಕೆಲಸದಿಂದ ತೆಗೆದು ಪೊಲೀಸರಿಗೆ ಹೇಳಬೇಕಾ ಬೇಡವಾ ಅನ್ನೋದು ಇನ್ನೊಂದು. ಅಷ್ಟರೊಳಗೆ ಏನಾದರೂ ಹಿಡ್ಕೊಂಡು ಬನ್ನಿ ಮಾರಾಯರೇ. ನನಗೂ ಆಯಮ್ಮನ ಮೇಲೆ ಗೌರವ ಇದೆ."

ಹೊರಡುವಾಗ ಕೈಯಿಂದ ಗಡಿಯಾರ ಬಿಚ್ಚಿ ಕೊಟ್ಟರು. "ಹಾಗೇ ಇದನ್ನ ನಿಮ್ಮ ಅಣ್ಣನಿಗೆ ಕೊಟ್ಟುಬಿಡಿ. ನಿಂತು ನಿಂತು ಓಡ್ತಿದೆ."

ಪತ್ತೆಪ್ಪನ ಅಣ್ಣ ಗಡಿಯಾರ ರಿಪೇರಿಯವನು. ತಮ್ಮ ಊರೆಲ್ಲ ಅಲೆಯುವವನಾದ್ದರಿಂದ ಕಂಡಕಂಡವರೆಲ್ಲ ಕೆಟ್ಟ ಗಡಿಯಾರಗಳನ್ನು ಅವನ ಕೈಗೇ ತುರುಕುತ್ತಿದ್ದರು. ಪತ್ತೆಪ್ಪ ಅಧ್ಯಕ್ಷರದನ್ನು ಚೀಲಕ್ಕೆ ಹಾಕಿದ. ಅಲ್ಲಿ ಆಗಲೇ ಇನ್ನೊಂದು ಗಡಿಯಾರವಿತ್ತು. ಅದು ಯಾರದೆಂದು ಯೋಚಿಸಿದ, ನೆನಪಾಗಲಿಲ್ಲ.

ಈ ಮರೆವಿಗೇ ಅಣ್ಣ ಅವನಿಗೆ ಪತ್ತೆಪ್ಪ ಎಂದು ಹೆಸರಿಟ್ಟದ್ದು. ಪರರ ಮನೆಯಲ್ಲಿ ಕಳೆದ ಸೂಜಿಯನ್ನೂ ಹುಡುಕಿಕೊಡುವವನು, ತನ್ನ ಚಪ್ಪಲಿ ಎಲ್ಲಿ ಬಿಟ್ಟೆ ಎಂದು ಅತ್ತಿಗೆಯನ್ನು ಕೇಳುವವನು.

* * *

ಅತ್ತಿಗೆ ಓದುವ ಕೋಣೆಯಲ್ಲಿ ಕುರ್ಚಿಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ತಮ್ಮ ಹಣೆಬರಹ ಬರೆಯಲು ಬರುವವರಿಗೆ ತಾವೇ ಕುರ್ಚಿ ಹಾಕುವುದೆಂದರೆ! ಪತ್ತೆಪ್ಪ ಬಾಗಿಲ ಬಳಿಯೇ ನಿಂತ.

"ಅತ್ತಿಗೇ, ಮಿಂಚುಳ್ಳಿ ಸಿಕ್ತು. ಅತ್ತೆಮ್ಮನಲ್ಲಿ."

"ಹೌದಾ?" ಎಂದರು ಅತ್ತಿಗೆ, ತಲೆಯೆತ್ತದೆ. "ಒಳ್ಳೇದಾಯ್ತು ಬಿಡು. ಪುಸ್ತಕ ತುಂಬ್ತು."

"ಅಷ್ಟೇನಾ? ಯಾರು ತಂದಿಟ್ರು ಅಂತ ಕೇಳಲ್ವಾ?"

"ಕೇಳೋ ಕೆಲಸ ನಿಂದು. ನನ್ನನ್ನ ಯಾಕೆ ಕೇಳ್ತೀಯ?" ಒಂದು ಕುರ್ಚಿ ಕೂದಲೆಳೆಯಷ್ಟು ಮುಂದಿತ್ತು. ಅದನ್ನು ಹಿಂದಕ್ಕೆ ಸರಿಸಿದರು. "ಊಟ ಮಾಡಿದ್ಯಾ?"

"ಮಾಡಿದೆ ಅನ್ಸುತ್ತೆ."

"ಅನ್ಸುತ್ತಂತೆ! ಇಸ್ತ್ರಿಪೆಟ್ಟಿಗೆ ಇಟ್ಟು ಮರೆತು ಊಟದ ಮೇಜು ಸುಟ್ಟವನು ನೀನು. ನಿನ್ನನ್ನ ನಂಬಿ ನನ್ನ ಮಾನ ಉಳಿಸ್ಕೋಬೇಕು ನಾನು."

ನಗಿಸುವ ಮಾತೇ. ಆದರೆ ಅತ್ತಿಗೆ ನಗಲಿಲ್ಲ. ಇನ್ನೊಂದು ಕುರ್ಚಿಯತ್ತ ಹೋದರು.

ಪತ್ತೆಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಮುಳುಗುತ್ತಿರುವವರಿಗೆ ಹಗ್ಗ ಸಿಕ್ಕಿತೆಂದರೆ ಹೀಗಾ ಇರುವುದು?

* * *

ಸ್ಕ್ಯಾನ್ ಕೋಣೆ ಹಿಂಭಾಗದಲ್ಲಿತ್ತು. ಮೇಜಿನ ಮೇಲೆ ಕಪ್ಪು ಬಟ್ಟೆ, ಮೇಲೊಂದು ಕ್ಯಾಮೆರಾ, ಎರಡು ಕಡೆ ದೀಪ. ಪಕ್ಕದಲ್ಲಿ ಅತ್ತಿಗೆ ಹೊಲಿದ 'ಹಾವು'ಗಳು: ಹಳೆಯ ನೀಲಿ ಪರದೆಯ ಬಟ್ಟೆಯನ್ನು ಕೊಳವೆಯಂತೆ ಹೊಲಿದು, ಮರಳು ತುಂಬಿ, ತುದಿ ಕಟ್ಟಿದವು. ಹೊಲಿಗೆ ಹಾಕಿದ ಪುಸ್ತಕವನ್ನು ತೆರೆದಿಟ್ಟರೆ ಹಾಳೆ ಉಬ್ಬಿ ಮೇಲೇಳುತ್ತದೆ. ಎರಡು ಅಂಚಿಗೂ ಹಾವು ಮಲಗಿಸಿದರೆ ತೆಪ್ಪಗೆ ಬಿದ್ದಿರುತ್ತದೆ.

ಪತ್ತೆಪ್ಪ ಅಲ್ಲಿಯ ಕಂಪ್ಯೂಟರಿನಲ್ಲಿ ಹಕ್ಕಿ ಪುಸ್ತಕವನ್ನು ತೆರೆದು ಒಂದೊಂದೇ ಚಿತ್ರ ನೋಡುತ್ತ ಹೋದ. ಗಿಳಿಯ ಹಾಳೆಯ ಅಂಚಿನಲ್ಲಿ ನೀಲಿ ಹಾವು. ಗುಬ್ಬಿಯ ಹಾಳೆಯಲ್ಲೂ ನೀಲಿ ಹಾವು, ಅದರಾಚೆ ಕಪ್ಪು ಬಟ್ಟೆ. ಗೂಬೆ, ಕೊಕ್ಕರೆ, ಮರಕುಟಿಗ, ಎಲ್ಲದರ ಕಥೆಯೂ ಅದೇ.

ಮಿಂಚುಳ್ಳಿಗೆ ಮಾತ್ರ ಹಾವಿರಲಿಲ್ಲ.

ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದ. ಹಾವಿಲ್ಲ, ಉಬ್ಬಿಲ್ಲ, ಹೊಲಿಗೆಯ ಕಡೆಗೆ ಬೀಳಬೇಕಾದ ನೆರಳೂ ಇಲ್ಲ. ಹಾಳೆ ಚಪ್ಪಟೆಯಾಗಿ ಮಲಗಿತ್ತು. ಪುಸ್ತಕದಿಂದ ಬಿಡುಗಡೆಯಾದ ಹಾಳೆಗೆ ಭಾರ ಯಾಕೆ ಬೇಕು?

"ಅಯ್ಯೋ ಮಂಕೇ," ಎಂದು ತನ್ನನ್ನೇ ಬೈದುಕೊಂಡ. ಇದು ಕದ್ದ ಮೇಲೆ ತೆಗೆದ ಫೋಟೋ!

ಇನ್ನೂ ಹತ್ತಿರ ಹೋಗಿ ನೋಡಿದ. ಹಕ್ಕಿಯ ಕೊಕ್ಕಿನ ಮೇಲೆ ಹಾದು ಒಂದು ತೆಳ್ಳನೆಯ ಅಡ್ಡಗೆರೆ. ಎದೆಯ ಮೇಲೆ ಇನ್ನೊಂದು ಉದ್ದಗೆರೆ. ಯಾರೋ ಆ ಹಾಳೆಯನ್ನು ಚಿಕ್ಕದಾಗಿ ಮಡಚಿಟ್ಟಿದ್ದರು. ಇಂಥ ಚಿತ್ರವನ್ನು ಆಸೆಪಟ್ಟು ಕದ್ದವನು ಕರವಸ್ತ್ರದ ಹಾಗೆ ಮಡಚುತ್ತಾನೆಯೇ? ಮಡಚಿದವನು ಆಮೇಲೆ ಕೂತು ಬಿಡಿಸಿ, ಫೋಟೋ ತೆಗೆದು, ಕದ್ದ ಮನೆಗೇ ತಂದು ಒಪ್ಪಿಸುತ್ತಾನೆಯೇ?

ಒಂದು ಗಂಟು ಬಿಚ್ಚಿದರೆ ಅದರೊಳಗಿಂದ ಎರಡು ಗಂಟು ಹೊರಬಂದಿದ್ದವು.

"ಇಲ್ಲೇನು ಮಾಡ್ತಿದೀರಿ ಸಾರ್?"

ಬಾಗಿಲಲ್ಲಿ ಕಂಪ್ಯೂಟರ್ ಮೇಷ್ಟ್ರು ನಿಂತಿದ್ದರು. ಶಾಲೆಯಲ್ಲಿ ಪಾಠ ಮುಗಿಸಿ ಬಂದವರು, ಅಂಗಿಯ ತೋಳಿನಲ್ಲಿ ಇನ್ನೂ ಸೀಮೆಸುಣ್ಣದ ಪುಡಿಯಿತ್ತು. ಸಾಫ್ಟ್‌ವೇರ್ ಆರಿಸುವುದಕ್ಕೆ ಸಲಹೆಗಾರರಾಗಿ ಸಮಿತಿ ಅವರನ್ನು ಕರೆಸಿಕೊಂಡಿತ್ತು.

"ಒಳ್ಳೇ ಹೊತ್ತಿಗೆ ಬಂದ್ರಿ. ಬಾಗಿಲು ಹಾಕಿ ಬನ್ನಿ."

ಮೇಷ್ಟ್ರು ಬಾಗಿಲು ಹಾಕಿದರು. ಕೂರಲಿಲ್ಲ.

"ಮೂರರಲ್ಲಿ ನಿಮ್ಮ ಓಟು ಯಾವುದಕ್ಕೆ?"

"ಮರೆಗುಳಿಗೆ. ಎಲ್ಲರಿಗೂ ಗೊತ್ತಲ್ಲ."

"ಯಾಕೆ?"

"ಹಗುರ ಇದೆ. ನಮ್ಮ ಹಳೇ ಕಂಪ್ಯೂಟರಲ್ಲೂ ಓಡುತ್ತೆ. ಅತ್ತೆಮ್ಮ ಬಂದ್ರೆ ಹೊಸ ಯಂತ್ರಾನೇ ಬೇಕು."

"ಮೊದಲನೇ ವಾರ ನೀವೇ ಅತ್ತೆಮ್ಮನ್ನ ಹಾಡಿ ಹೊಗಳಿದ್ರಂತೆ? ಲೈಬ್ರರಿಗೆ ಬೇಕಾಗಿರೋದು ನೆನಪು, ಚುರುಕಲ್ಲ ಅಂದಿದ್ರಂತೆ?"

ಮೇಷ್ಟ್ರು ತೋಳಿನ ಸುಣ್ಣ ಕೊಡವಿಕೊಂಡರು. "ಮನಸ್ಸು ಬದಲಾಯ್ತು."

"ಯಾವಾಗ? ಮಿಂಚುಳ್ಳಿ ಬಂದ ಮೇಲಾ?"

ಮೇಷ್ಟ್ರು ಇನ್ನೊಂದು ತೋಳನ್ನೂ ಕೊಡವಿಕೊಂಡರು.

"ಬನ್ನಿ ಮೇಷ್ಟ್ರೇ, ನೋಡಿ. ಬೇರೆ ಎಲ್ಲಾ ಚಿತ್ರಕ್ಕೂ ಸುತ್ತ ಕಪ್ಪು ಬಟ್ಟೆ ಕಾಣುತ್ತೆ. ಇದೊಂದಕ್ಕೆ ಹಾಳೆ ಅಂಚಿಗೇ ಕತ್ತರಿ ಬಿದ್ದಿದೆ. ಸುತ್ತ ಇದ್ದದ್ದನ್ನ ಯಾರೋ ಬೇಕು ಅಂತಲೇ ಕತ್ತರಿಸಿದಾರೆ. ಹಾಗೆ ಕತ್ತರಿಸೋ ವಿದ್ಯೆ ಅಧ್ಯಕ್ಷರಿಗೆ ಬರಲ್ಲ. ಅವರಿಗೆ ಮೌಸ್ ಹಿಡಿಯೋದಕ್ಕೇ ಇನ್ನೊಬ್ಬರು ಬೇಕು. ನೀವೇ ಹಾಳೆ ಕದ್ರಿ, ನೀವೇ ಫೋಟೋ ತೆಗೆದ್ರಿ, ನೀವೇ ಕತ್ತರಿಸಿದ್ರಿ. ಈಗ ಮರೆಗುಳಿ ತಂದ್ರೆ ಎಲ್ಲಾ ಮರೆತೇ ಹೋಗುತ್ತೆ. ಆರಿಸದ ಎರಡನ್ನ ಸಭೆ ಮುಗೀತಿದ್ದ ಹಾಗೆ ಅಳಿಸೋರೂ ನೀವೇ ಅಲ್ವಾ?"

ಹೇಳಿ ಮುಗಿಸಿದಾಗ ಪತ್ತೆಪ್ಪನಿಗೆ ಎದೆಯುಬ್ಬಿತ್ತು. ಒಂದು ವಾರದಲ್ಲಿ ಮೊದಲ ಸಲ ತನ್ನ ಮಾತು ತನಗೇ ಅರ್ಥವಾದಂತಿತ್ತು.

ಮೇಷ್ಟ್ರು ಸ್ಟೂಲಿನ ಮೇಲೆ ಕುಸಿದರು. "ಕತ್ತರಿಸಿದ್ದು ನಾನೇ."

"ಹ್ಞಾಂ!"

"ಅಷ್ಟು ಮಾತ್ರ ನಾನು. ಮಿಕ್ಕಿದ್ದು ಕೇಳ್ಬೇಡಿ ಸಾರ್. ಕೈ ಮುಗೀತೀನಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

"ನನ್ನ ಒಳ್ಳೇದಾ?" ಪತ್ತೆಪ್ಪ ಕಣ್ಣು ಕಣ್ಣು ಬಿಟ್ಟ. "ಇದೊಳ್ಳೆ ಕಥೆ! ಅತ್ತೆಮ್ಮ ಏನನ್ನೂ ಮರೆಯಲ್ಲ ಅಲ್ವಾ? ಕತ್ತರಿಸೋದಕ್ಕೆ ಮುಂಚೆ ಹೇಗಿತ್ತೋ ಅದೂ ಒಳಗೆ ಇರ್ಬೇಕು. ತೋರಿಸಿ."

"ಬೇಡ ಸಾರ್."

"ತೋರಿಸ್ತೀರೋ, ಅಧ್ಯಕ್ಷರನ್ನ ಕರೀಲೋ?"

ಮೇಷ್ಟ್ರು ನಿಟ್ಟುಸಿರು ಬಿಟ್ಟು ಮೌಸ್ ಎಳೆದುಕೊಂಡರು. ಅತ್ತೆಮ್ಮ ತನ್ನ ಸ್ವಭಾವಕ್ಕೆ ತಕ್ಕಂತೆ ಯೋಚಿಸಿ ಯೋಚಿಸಿ, ಕೊನೆಗೆ ಹಳೆಯ ಚಿತ್ರವನ್ನು ಪರದೆಗೆ ತಂದಿತು.

ಅದೇ ಮಿಂಚುಳ್ಳಿ. ಆದರೆ ಈಗ ಸುತ್ತಲೂ ಜಾಗವಿತ್ತು. ಹಾಳೆಯ ಕೆಳಗೆ ಕಪ್ಪು ಬಟ್ಟೆಯಲ್ಲ, ಕಂದು ಮರದ ಮೇಜು. ಹಾಳೆಯ ಬಲಕ್ಕೆ ಮೇಜಿನ ಮೇಲೊಂದು ಸುಟ್ಟ ಗುರುತು. ಒಂದು ಕಡೆ ಚೂಪು, ಇನ್ನೊಂದು ಕಡೆ ಅಗಲ. ಇಸ್ತ್ರಿಪೆಟ್ಟಿಗೆಯ ತಳದ ಆಕಾರ.

ಪತ್ತೆಪ್ಪ ಪರದೆಗೆ ಮೂಗು ತಗುಲುವಷ್ಟು ಬಗ್ಗಿದ. ಅವನು ಬೆಳಿಗ್ಗೆ ಅದೇ ಮೇಜಿನ ಮುಂದೆ ಕೂತು ತಿಂದು ಬಂದಿದ್ದ.

"ನಿಮ್ಮ ಮನೆ ಮೇಜು ನನಗೆ ಗೊತ್ತು ಸಾರ್," ಎಂದರು ಮೇಷ್ಟ್ರು, ದನಿಯೇ ಇಲ್ಲದಂತೆ. "ನಾನು ಓದ್ತಿದ್ದ ಕಾಲದಲ್ಲಿ ನಿಮ್ಮ ಅತ್ತಿಗೆ ನನಗೋಸ್ಕರ ಈ ಲೈಬ್ರರಿ ಬಾಗಿಲು ತೆಗೆದಿಟ್ಟು ಕಾಯ್ತಿದ್ರು. ಕೆಲಸ ಸಿಕ್ಕಾಗ ಕರೆದು ಊಟ ಹಾಕಿದ್ರು. ಅವರು ಕದೀತಾರೆ ಅಂತ ನಾನು ನಂಬಲ್ಲ. ಆದ್ರೆ ಈ ಫೋಟೋ ನೋಡಿದವರು ನಂಬ್ತಾರೆ. ಅದಕ್ಕೇ ಕತ್ತರಿಸಿದೆ. ಅತ್ತೆಮ್ಮ ಹಳೇದನ್ನ ಹೊಟ್ಟೇಲಿ ಇಟ್ಕೊಂಡೇ ಇದೆ ಅಂತ ಆಮೇಲೆ ಹೊಳೀತು. ಇಡೀ ಅತ್ತೆಮ್ಮನ್ನೇ ತೆಗೆಸದೆ ಬೇರೆ ದಾರಿ ಇರ್ಲಿಲ್ಲ."

ಪತ್ತೆಪ್ಪ ಕೇಳುತ್ತಿದ್ದನೋ ಇಲ್ಲವೋ. ಅವನ ಕಣ್ಣು ಚಿತ್ರದ ಕೆಳಗಿನ ಮೂಲೆಯಲ್ಲಿ ನೆಟ್ಟಿತ್ತು. ಹಾಳೆ ಹಾರದಂತೆ ಒತ್ತಿಹಿಡಿದ ಒಂದು ಹೆಬ್ಬೆರಳು ಅಲ್ಲಿ ಕಾಣುತ್ತಿತ್ತು. ಅದರ ಉಗುರು ನಡುವೆ ಸೀಳಿತ್ತು.

ಗಡಿಯಾರದ ಸ್ಪ್ರಿಂಗ್ ಸಿಡಿದು ಸೀಳಿದ ಉಗುರು. ಮತ್ತೆಂದೂ ಕೂಡಿ ಬೆಳೆಯಲಿಲ್ಲ. ಸೈಕಲ್ ಕಲಿಯುವಾಗ ಅವನ ಸೀಟು ಹಿಡಿದು ಓಡಿದ ಕೈ ಅದು.

"ಬೆರಳು ನಿಮ್ಮ ಅತ್ತಿಗೇದೇ ಇರ್ಬೇಕು," ಎಂದರು ಮೇಷ್ಟ್ರು.

ಪತ್ತೆಪ್ಪ ಆ ಮೂಲೆಯನ್ನು ಅಂಗೈಯಿಂದ ಮುಚ್ಚಿದ.

ಬಾಗಿಲು ತೆರೆಯಿತು. ಅತ್ತಿಗೆ ಒಳಗೆ ಬಂದು ಪರದೆ ನೋಡಿದರು. ಮೇಷ್ಟ್ರಿಗೆ, "ನೀವು ಸ್ವಲ್ಪ ಹೊರಗಿರಪ್ಪ," ಎಂದರು. ಅವರು ಹೋದ ಮೇಲೆ ಮೇಜಿನ ಮೇಲಿದ್ದ ಹಾವುಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಿದರು.

"ಅತ್ತಿಗೇ... ಈ ಫೋಟೋ ಇಲ್ಲಿಗೆ ಹಾಕಿದ್ದು ನೀವಾ?"

"ಹೌದು."

"ಎಲ್ಲಿ ಸಿಕ್ತು?"

"ನಿಮ್ಮಣ್ಣನ ಫೋನಿನಲ್ಲಿ. ಯಾವುದೋ ಬಿಡಿಭಾಗದ ಫೋಟೋ ಹುಡುಕಿಕೊಡು ಅಂತ ಅವರೇ ಫೋನ್ ಕೊಟ್ರು. ನೋಡಿದ್ರೆ ಇದು ಕೂತಿತ್ತು. ನನ್ನ ಫೋನಿಗೆ ಕಳಿಸ್ಕೊಂಡೆ."

"ಅಣ್ಣನ್ನ ಕೇಳಿದ್ರಾ?"

"ಇಲ್ಲ."

"ಯಾಕೆ?"

"ಏನು ಉತ್ತರ ಬರುತ್ತೋ ಅಂತ ಭಯ. ಕಳುವಿನ ಸುದ್ದಿ ಅವರ ಕಿವಿಗೆ ಹಾಕ್ಬೇಡ ಅಂತ ನಿನಗೂ ಹೇಳಿದ್ನಲ್ಲ." ಅತ್ತಿಗೆ ಒಂದು ಹಾವನ್ನು ಎತ್ತಿ ಮತ್ತೆ ಅಲ್ಲೇ ಇಟ್ಟರು.

"ಹಾಗಾದ್ರೆ ಮುಚ್ಚಿಡಬೇಕಿತ್ತು! ಎಲ್ಲರ ಕಣ್ಣಿಗೆ ಬೀಳೋ ಕಡೆ ತಂದು ಹಾಕಿದ್ರಲ್ಲ, ಇದ್ಯಾವ ಬುದ್ಧಿ ಅತ್ತಿಗೇ?"

"ಪುಸ್ತಕದಲ್ಲಿ ಮಿಂಚುಳ್ಳಿ ಜಾಗ ಖಾಲಿ ಇತ್ತು ಕಣೋ." ಅತ್ತಿಗೆ ಮಗುವಿಗೆ ಹೇಳುವಂತೆ ಹೇಳಿದರು. "ಚಿತ್ರ ನನ್ನ ಹತ್ರಾನೇ ಇದೆ, ಜಾಗ ಖಾಲಿ ಇದೆ. ಹೇಗೆ ಸುಮ್ಮನಿರೋದು? ಅಸಲಿ ಇನ್ನೆಂದೂ ಸಿಗದೇ ಹೋದ್ರೆ? ಅದಕ್ಕೇ ಮರೆಯದೇ ಇರೋದ್ರಲ್ಲಿ ಹಾಕಿದೆ. ಸುತ್ತ ಮೇಜು ಕಾಣುತ್ತೆ ಅನ್ನೋದು ಆಗ ತಲೆಗೇ ಬರಲಿಲ್ಲ. ನಾನು ಹಕ್ಕೀನ ಮಾತ್ರ ನೋಡ್ತಿದ್ದೆ."

ಪತ್ತೆಪ್ಪನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಲೋಕದಲ್ಲಿ ಇಂಥ ತಪ್ಪನ್ನು ಲೈಬ್ರೇರಿಯನ್ ಒಬ್ಬರನ್ನು ಬಿಟ್ಟರೆ ಇನ್ನಾರೂ ಮಾಡಲಾರರು.

"ಕೇಳು," ಎಂದರು ಅತ್ತಿಗೆ. "ಸಭೇಲಿ ತಪ್ಪು ನಂದೇ ಅಂತೀನಿ. ನೀನು ತುಟಿ ಬಿಚ್ಚಬಾರದು. ಅವರ ಅಂಗಡಿಗೆ ಹೆಸರು ಕೆಟ್ರೆ ಇನ್ನು ಯಾರು ಗಡಿಯಾರ ಕೊಡ್ತಾರೆ?"

"ಮತ್ತೆ ನಿಮ್ಮ ಓಟು?"

"ಅತ್ತೆಮ್ಮನಿಗೇ."

"ಹುಚ್ಚಾ ನಿಮಗೆ? ಅದು ಉಳಿದ್ರೆ ಈ ಬೆರಳೂ ಉಳಿಯುತ್ತೆ!"

"ನನ್ನ ಸಂಸಾರದ ಮಾತು ಬೇರೆ, ಲೈಬ್ರರಿ ಮಾತು ಬೇರೆ," ಎಂದು ಅತ್ತಿಗೆ ಹೊರಟೇಬಿಟ್ಟರು.

* * *

ಸಭೆಯಲ್ಲಿ ಮೂವರು, ಮೂರು ಮಾತು. ಅಧ್ಯಕ್ಷರಿಗೆ ಮದುಮಗಳು. ಮೇಷ್ಟ್ರಿಗೆ ಮರೆಗುಳಿ. ಅತ್ತಿಗೆಗೆ ಅತ್ತೆಮ್ಮ. ವಾದ ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ನಿಂತಿತು. ಗೋಡೆಯ ಮೇಲೆ ಪ್ರೊಜೆಕ್ಟರ್ ಬೆಳಕಿನಲ್ಲಿ ಅಂಚು ಕತ್ತರಿಸಿದ ಮಿಂಚುಳ್ಳಿ ಎಲ್ಲರನ್ನೂ ಓರೆಗಣ್ಣಿನಿಂದ ನೋಡುತ್ತಿತ್ತು.

ಆಗಲೇ ಅಣ್ಣ ಒಳಗೆ ಬಂದ, ಕೈಯಲ್ಲಿ ಸಾಮಾನಿನ ಪೆಟ್ಟಿಗೆ. ಓದುವ ಕೋಣೆಯ ಗೋಡೆ ಗಡಿಯಾರ ನಿಂತುಹೋಗಿದೆಯೆಂದು ಅಧ್ಯಕ್ಷರೇ ಹೇಳಿಕಳಿಸಿದ್ದರಂತೆ. "ನಿಮ್ಮ ಪಾಡಿಗೆ ನೀವು ಮಾತಾಡಿ," ಎನ್ನುತ್ತ ಸ್ಟೂಲು ಹತ್ತಿದ. ಅತ್ತಿಗೆ ಗಂಡನ ಕಡೆ ನೋಡಲಿಲ್ಲ.

"ಪತ್ತೆಪ್ಪನವರೇ," ಎಂದರು ಅಧ್ಯಕ್ಷರು, "ನೀವು ಸಮಿತಿಗೆ ಹೊರಗಿನವರು. ಒಂದು ವಾರದಿಂದ ಮೂರನ್ನೂ ಜಾಲಾಡಿದೀರಿ. ನೀವು ಯಾವುದು ಅಂತೀರೋ ಅದೇ ಆಗಲಿ. ಒಪ್ಪಿಗೇನಾ?"

ಮೇಷ್ಟ್ರು ತಲೆಯಾಡಿಸಿದರು. ಅತ್ತಿಗೆಯೂ ತಲೆಯಾಡಿಸಿದರು.

ಪತ್ತೆಪ್ಪ ಲೆಕ್ಕ ಹಾಕಿದ. ಅತ್ತೆಮ್ಮ ಎಂದರೆ ಅಣ್ಣನ ಬೆರಳು ಇನ್ನು ಶಾಶ್ವತ. ಮರೆಗುಳಿ ಎಂದರೆ ಎಲ್ಲ ಮಾಯ. ಕಳ್ಳನೂ ಮಾಯ, ತನ್ನ ಕಸುಬಿನ ಮಾನವೂ ಮಾಯ. ಸ್ಟೂಲಿನ ಮೇಲೆ ಅಣ್ಣನ ಸವೆದ ಚಪ್ಪಲಿ ಕಾಣುತ್ತಿತ್ತು.

"ಮರೆಗುಳಿ," ಎಂದ.

ಅತ್ತಿಗೆ ಅವನನ್ನು ನೋಡಿದ ನೋಟವನ್ನು ಅವನು ತಡೆಯಲಾರದೆ ತಲೆ ತಗ್ಗಿಸಿದ. ಸಂತೋಷವಾಗುವುದು ಹಾಗಿರಲಿ, ಅವರಿಗೆ ಹೇಸಿಗೆಯಾದಂತಿತ್ತು.

"ಸರಿ, ಮಿಕ್ಕಿದ್ದನ್ನ ಅಳಿಸಿಬಿಡಿ ಮೇಷ್ಟ್ರೇ. ಎರಡನೇ ವಿಷಯಕ್ಕೆ ಹೋಗೋಣ," ಎಂದರು ಅಧ್ಯಕ್ಷರು.

ಟಕ್ ಎಂದು ಮೌಸ್ ಸದ್ದಾಯಿತು. ಗೋಡೆ ಬೆಳ್ಳಗಾಯಿತು.

"ಅಯ್ಯೋ, ಯಾಕೆ ತೆಗೆದ್ರಿ?" ಎಂದ ಅಣ್ಣ ಸ್ಟೂಲಿನ ಮೇಲಿಂದ. "ನನ್ನ ಹತ್ರ ಇರೋ ಹಕ್ಕಿ ಹಾಗೇ ಇತ್ತಲ್ಲ. ಆದ್ರೆ ರೆಕ್ಕೆ ಬಣ್ಣ ಅದರಲ್ಲಿ ಇನ್ನೂ ಚೆನ್ನಾಗಿದೆ."

ಅಧ್ಯಕ್ಷರು ಕುರ್ಚಿಯಲ್ಲೇ ಸ್ಟೂಲಿನತ್ತ ತಿರುಗಿದರು.

"ನಿಮ್ಮ... ಹತ್ರ?" ಎಂದರು ಅಧ್ಯಕ್ಷರು.

"ಹ್ಞೂಂ. ರಿಪೇರಿಗೆ ಬಂದ ಒಂದು ಟೈಂಪೀಸಿನ ಹೊಟ್ಟೆಯೊಳಗೆ ಮಡಚಿ ತುರುಕಿದ್ರು. ಅದು ಓಡದೇ ಇದ್ದಿದ್ದು ಅದಕ್ಕೇ. ಬಿಡಿಸಿ ಫೋಟೋ ತೆಗೆದಿಟ್ಟೆ. ಗಡಿಯಾರದವರು ಬಂದ್ರೆ ವಾಪಸ್ ಕೊಡೋಣ ಅಂತ ಹಾಳೇನ ಜೋಪಾನ ಮಾಡಿದೀನಿ. ಎಷ್ಟು ದಿನ ಆಯ್ತು, ಯಾರೂ ಬರಲೇ ಇಲ್ಲ."

ಅತ್ತಿಗೆಯ ಕಣ್ಣಿಂದ ನೀರು ದಳದಳ ಇಳಿಯಿತು. ಒರೆಸಿಕೊಳ್ಳಲೂ ಇಲ್ಲ. "ಯಾರ ಗಡಿಯಾರ ರೀ ಅದು?"

"ನನ್ನನ್ನ ಕೇಳಿದ್ರೆ? ಯಾರದು ಅಂತ ಚೀಟಿ ಕಟ್ಟಿ ತಾ ಅಂತ ಬಡ್ಕೊಂಡಿದೀನಿ, ಕೇಳ್ತಾನಾ ಇವನು?" ಅಣ್ಣ ಸ್ಕ್ರೂಡ್ರೈವರನ್ನು ತಮ್ಮನ ಕಡೆ ತೋರಿಸಿದ. "ತಂದುಕೊಟ್ಟವನು ನೀನೇ ಅಲ್ವೇನೋ ಪತ್ತೆಪ್ಪ? ಹಸಿರು ಟೈಂಪೀಸು. ಈ ಲೈಬ್ರರಿಯಿಂದ ಬರ್ತಾ ಯಾರೋ ಕೊಟ್ರು ಅಂದೆ. ಯಾರು ಕೊಟ್ಟಿದ್ದು?"

ಪತ್ತೆಪ್ಪ ಬಾಯಿ ತೆರೆದ. ಹಸಿರು ಟೈಂಪೀಸು ನೆನಪಿತ್ತು. ಅದರ ತಣ್ಣನೆಯ ತಗಡು, ಚೀಲಕ್ಕೆ ಹಾಕಿದಾಗಿನ ಭಾರ, ಎಲ್ಲ ನೆನಪಿತ್ತು. "ನಿಮ್ಮ ಅಣ್ಣನಿಗೆ ಕೊಟ್ಟುಬಿಡಿ" ಎಂದ ಮಾತೂ ಕಿವಿಯಲ್ಲಿತ್ತು. ಆ ಮಾತಿಗೊಂದು ಮುಖ ಮಾತ್ರ ಎಷ್ಟು ತಡಕಿದರೂ ಸಿಗಲಿಲ್ಲ.

ಒಂದು ಪಕ್ಕದಲ್ಲಿ ಅಧ್ಯಕ್ಷರು, ಗಡಿಯಾರವಿಲ್ಲದ ಮಣಿಕಟ್ಟನ್ನು ಉಜ್ಜಿಕೊಳ್ಳುತ್ತ. ಇನ್ನೊಂದು ಪಕ್ಕದಲ್ಲಿ ಮೇಷ್ಟ್ರು, ಕೈ ಇನ್ನೂ ಮೌಸಿನ ಮೇಲೆ. ಇಬ್ಬರೂ ಅವನ ಬಾಯನ್ನೇ ನೋಡುತ್ತಿದ್ದರು.

"ನೆನಪಾಗ್ತಿಲ್ಲ ಅಣ್ಣಾ," ಎಂದ ಪತ್ತೆಪ್ಪ.

ಆ ಮಾತು ಮುಗಿಯುತ್ತಿದ್ದಂತೆ, ಕಟ್ಟಿಹಿಡಿದ ಉಸಿರನ್ನು ಯಾರೋ ಮೆಲ್ಲಗೆ ಹೊರಗೆ ಬಿಟ್ಟರು. ಅವನಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಎಡಗಡೆಯಿಂದಲೋ ಬಲಗಡೆಯಿಂದಲೋ, ಅದೊಂದೇ ಗೊತ್ತಾಗಲಿಲ್ಲ.